ಬಾಲವರ್ಗದ ವಹಿ

ಮಾಳಮಡ್ಡಿ, ಧಾರವಾಡ
೧೪ ಜೂನ್ ೧೯೩೭

ಪ್ರಿಯ ಶಿವಲಿಂಗವ್ವ,

ಟ್ರೇನಿಂಗ್ ಕಾಲೇಜು ಬಿಟ್ಟು ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಬಿದ್ದಾಗ. ಬೈಯುವುದಿದ್ದರೆ ಇಲ್ಲೇ ಬೈದು ಮುಗಿಸು, ಆಮೇಲೆ ಮುಂದೆ ಓದು.

ನಮ್ಮ ಮಹಿಳಾ ಸಂಘದವರು ಮೂರರಿಂದ ಐದು ವರ್ಷದ ಮಕ್ಕಳಿಗೆಂದು ಬಾಲವರ್ಗ ತೆರೆದಿದ್ದಾರೆ. ಅಧ್ಯಕ್ಷೆ ಗೋದಾಬಾಯಿಯವರು ನನ್ನನ್ನು ಕರೆದು, "ಅಂಬಾ, ನೀ ಟ್ರೇನಿಂಗ್ ಆದಾಕಿ, ನಿನಗೇನ ದೊಡ್ಡದಿದು?" ಎಂದು ಮೂವತ್ತೊಂದು ಮಕ್ಕಳನ್ನು ಮುಂದೆ ಕೂಡಿಸಿ ಹೊರಟುಹೋದರು. ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದು ಏಳು ವರ್ಷದವರಿಗೆ ಮಗ್ಗಿ ಹೇಳಿಸುವುದನ್ನು. ಇವಕ್ಕೆ ಮೂಗು ಒರೆಸಿಕೊಳ್ಳಲೂ ಬರುವುದಿಲ್ಲ. ಮುಂಬಯಿಯಿಂದ ಒಂದು ಪೆಟ್ಟಿಗೆ ತುಂಬ ಕಟ್ಟಿಗೆಯ ಸಾಮಾನು ಬಂದಿದೆ, ದುಂಡನೆಯದು, ಚೌಕದ್ದು, ಮೆಟ್ಟಿಲಿನಂಥದು. ಮಕ್ಕಳು ಮುಟ್ಟಿದರೆ ಬಣ್ಣ ಹೋದೀತೆಂದು ಗೋದಾಬಾಯಿಯವರು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರೆ. ಬೆಳಿಗ್ಗೆ ಒಂದು ಕೂಸು ಅಳಲು ಶುರು ಮಾಡಿದರೆ ಉಳಿದ ಮೂವತ್ತೂ ಸಾಥ್ ಕೊಡುತ್ತವೆ. ನಿನ್ನೆ ನಾನೂ ಅತ್ತೆ.

ನೀನು ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ, ಎರಡು ವರ್ಷದಿಂದ ಇಂಥದೇ ವರ್ಗ ನಡೆಸುತ್ತಿದ್ದಿಯಂತೆ. ಅಲ್ಲಿ ಅಳುವ ಸಪ್ಪಳವೇ ಇಲ್ಲವಂತೆ. ಹೇಗೆ ಮಾಡುತ್ತಿ ಅದನ್ನು? ನೀನು ಕಾಲೇಜಿನಲ್ಲೂ ಎಲ್ಲವನ್ನೂ ವಹಿಯಲ್ಲಿ ಬರೆದಿಡುವವಳು. ಇದಕ್ಕೂ ಒಂದು ವಹಿ ಇಟ್ಟೇ ಇರುತ್ತಿ. ಹದಿನೈದು ದಿವಸಕ್ಕೆ ಕಳಿಸು. ನೋಡಿ ಹಿಂತಿರುಗಿಸುತ್ತೇನೆ.

ನಿನ್ನ
ಅಂಬಾ


ಹುಬ್ಬಳ್ಳಿ
೨೦ ಜೂನ್ ೧೯೩೭

ಅಂಬಾ,

ಬೈಯಲು ಪುರಸತ್ತಿಲ್ಲ. ಬಳೆಗಾರ ಮಕಬೂಲಸಾಬರು ಧಾರವಾಡಕ್ಕೆ ಹೊರಟಿದ್ದರು, ಅವರ ಕೈಯಲ್ಲಿ ವಹಿ ಕಳಿಸಿದ್ದೇನೆ.

ಪ್ರತಿ ಪುಟಕ್ಕೆ ಎರಡು ಮಗ್ಗಲು ಮಾಡಿದ್ದೇನೆ. ಎಡಕ್ಕೆ ಮಾಡಬೇಕೆಂದು ನೆನೆಸಿದ್ದು, ಬಲಕ್ಕೆ ಆದದ್ದು. ನೀನು ಬಲಗಡೆಯದನ್ನು ಓದು. ಎಡಗಡೆ ಬರೆಯುವುದು ಯಾರಿಗೂ ಬರುತ್ತದೆ.

ಸಾಮಾನಿನ ಚಿಂತೆ ಮಾಡಬೇಡ. ಎಣಿಸಲು ಹುಣಸೆಬೀಜ, ಪೋಣಿಸಲು ದಾರ ಮುಗಿದ ಗಿರಣಿಯ ಕೊಳವೆ, ಅಕ್ಷರ ತಿದ್ದಲು ಮೊರದಲ್ಲಿ ಉಸುಕು. ಜೋಳದ ದಂಟಿನಿಂದ ಗಾಡಿ ಮಾಡಿಸು. ಮಣ್ಣೆತ್ತಿನ ಅಮಾವಾಸ್ಯೆಯ ವಾರ ಬೇರೆ ಯಾವ ಪಾಠವೂ ಬೇಡ, ಮಣ್ಣು ಕಲಸಿ ಕೊಟ್ಟು ಕೈ ಬಿಡು. ಎತ್ತಿಗೆ ಕೋಡು ಎಷ್ಟು, ಕಾಲು ಎಷ್ಟು ಎಂದು ಅವೇ ಕೇಳುತ್ತವೆ. ಒಂದು ಕೆಲಸ ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಡ, ಅವುಗಳ ಕಣ್ಣು ನೋಡು. ಶನಿವಾರ ಸಂತೆ ಆಟ ಇದೆ, ಹದಿನಾಲ್ಕನೆಯ ಪುಟ.

ಅಳುವಿನ ಮಾತು ಇಪ್ಪತ್ತನೆಯ ಪುಟದಲ್ಲಿದೆ. ಅದು ನನ್ನ ಬುದ್ಧಿಯಲ್ಲ, ಓಣಿಯಲ್ಲಿ ಕೌದಿ ಹೊಲಿಯುವ ಬೀರವ್ವನದು. ಹೊಸ ಮಗು ಬಂದರೆ ಅದರ ತಾಯಿಯ ಹಳೆಯ ಸೀರೆಯಿಂದ ಒಂದು ತುಂಡು ಇಸಿದುಕೊಂಡು ವರ್ಗದ ದೊಡ್ಡ ಕೌದಿಗೆ ಹಚ್ಚುತ್ತಾಳೆ. ಅಳು ಬಂದ ಮಗು ತನ್ನ ತುಂಡು ಹುಡುಕಿಕೊಂಡು ಮುಖ ಒತ್ತಿ ಮಲಗುತ್ತದೆ. ಬಣ್ಣ, ಚೌಕ, ಮುಕ್ಕೋನ, ಮೆತ್ತಗೆ, ಉರುಟು ಎಲ್ಲ ಅದರ ಮೇಲೆಯೇ ಕಲಿಯುತ್ತವೆ. ಒಂದು ಮಾತು ನೆನಪಿಡು, ತುಂಡನ್ನು ಒಗೆಯಬಾರದು. ನಾನು ಮೊದಲ ಸಲ ಒಗೆದುಕೊಟ್ಟಿದ್ದೆ. ಬೀರವ್ವ ತಿರುಗಿ ಕೊಟ್ಟು, "ಒಗದ್ರ ಅವ್ವ ಹೋಗಿಬಿಡ್ತಾಳ್ರಿ ಬಾಯಾರ" ಎಂದಳು.

ಇದು ಒಂದೇ ಪ್ರತಿ. ಜೋಪಾನ.

ಶಿವಲಿಂಗವ್ವ


ಮಾಳಮಡ್ಡಿ, ಧಾರವಾಡ
೨ ಆಗಸ್ಟ್ ೧೯೩೭

ಪ್ರಿಯ ಶಿವಲಿಂಗವ್ವ,

ಹದಿನೈದು ದಿವಸ ಎಂದವಳು ಆರು ವಾರ ಮಾಡಿದೆ. ಸಿಟ್ಟಾಗಬೇಡ. ನಿನ್ನ ವಹಿಯನ್ನು ನನ್ನ ಕೈಯಿಂದ ಬೇರೆ ವಹಿಗೆ ಇಳಿಸಿಕೊಳ್ಳುತ್ತಿದ್ದೇನೆ. ಬರೆದರೆ ತಲೆಯಲ್ಲಿ ಕೂಡುತ್ತದೆ, ನಿನಗೆ ಗೊತ್ತಿದ್ದದ್ದೇ.

ಹುಣಸೆಬೀಜ ಛಲೋ ನಡೆದಿದೆ. ಒಬ್ಬ ಎರಡನ್ನು ಮೂಗಿನಲ್ಲಿ ಇಟ್ಟುಕೊಂಡ, ಡಾಕ್ಟರರು ತೆಗೆದರು. ನೀನು ಇದನ್ನು ಬಲಗಡೆ ಬರೆದಿರಲಿಲ್ಲ! ಮಣ್ಣೆತ್ತು ಮಾಡಿದೆವು. ಒಂದಕ್ಕೂ ನಾಲ್ಕು ಕಾಲಿರಲಿಲ್ಲ, ಆದರೂ ಮನೆಗೆ ಒಯ್ದು ಪೂಜೆ ಮಾಡಿಸಿದರು.

ಕೌದಿಯೂ ಆಗುತ್ತಿದೆ. ಹೇಗೆ ಎಂದು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಮೂವತ್ತೊಂದು ತಾಯಂದಿರಿಗೆ ಕೇಳಬೇಕು. ನನ್ನ ಸೀರೆಯ ತುಂಡನ್ನಂತೂ ಯಾರೂ ಕೇಳುವುದಿಲ್ಲ. ಹದಿನಾಲ್ಕಕ್ಕೆ ಗಂಡ ಸತ್ತವಳ ಅರಿವೆಯನ್ನು ಯಾವ ಮನೆಯವರು ಕೂಸಿನ ಕೆಳಗೆ ಹಾಸುತ್ತಾರೆ? ಹೋಗಲಿ ಬಿಡು.

ಇನ್ನೊಂದು ಹತ್ತು ದಿವಸ. ಖಂಡಿತ.

ನಿನ್ನ
ಅಂಬಾ


ಹುಬ್ಬಳ್ಳಿ
೧೧ ಜುಲೈ ೧೯೩೮

ಅಂಬಾ,

ಮೂರು ಕಾರ್ಡು ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಆರಾಮ ಇದ್ದೀಯೋ ಇಲ್ಲವೋ ಎಂದು ಮಕಬೂಲಸಾಬರನ್ನು ಕೇಳಿದೆ. ಇದ್ದಾರೆ, ಮೊನ್ನೆ ಸಭೆಯೊಂದರಲ್ಲಿ ಹಾರ ಹಾಕಿಸಿಕೊಂಡರು ಎಂದರು. ಸಂತೋಷ.

ವಹಿ ಈಗ ಬೇಕೇ ಬೇಕು. ಆಗಸ್ಟಿನ ಮೊದಲ ವಾರ ತಪಾಸಣಿ ಸಾಹೇಬರು ಬರುತ್ತಾರೆ. ನಮ್ಮ ವರ್ಗಕ್ಕೆ ಮನ್ನಣೆ ಕೊಡಬೇಕೋ, ಮುಚ್ಚಬೇಕೋ ಎಂದು ಬರೆಯುವವರು ಅವರು. ಶಿಕ್ಷಕಿ ತಾನೇ ಮಾಡಿದ ಟಿಪ್ಪಣಿ ತೋರಿಸಬೇಕಂತೆ. ೧೯೩೫ರಿಂದ ತಾರೀಖು ಹಾಕಿ ಬರೆದದ್ದು ಅದೊಂದೇ ನನ್ನ ಹತ್ತಿರ ಇರುವುದು. ನನ್ನ ಹತ್ತಿರ ಎಲ್ಲಿದೆ, ನಿನ್ನ ಹತ್ತಿರ ಇದೆ.

ಲಗೂ ಕಳಿಸು.

ಶಿವಲಿಂಗವ್ವ


ಮಾಳಮಡ್ಡಿ, ಧಾರವಾಡ
೧೬ ಜುಲೈ ೧೯೩೮

ಪ್ರಿಯ ಶಿವಲಿಂಗವ್ವ,

ನಿನ್ನ ಪತ್ರ ಕಂಡು ಬಹಳ ಸಂತೋಷವಾಯಿತು. ಇಲ್ಲಿ ಮಳೆ ಹಿಡಿದಿದೆ. ಮಕ್ಕಳಿಗೆ ನೆಗಡಿ.

ವಹಿ ಸದ್ಯ ಕೈಗೆ ಸಿಗುತ್ತಿಲ್ಲ. ಯುಗಾದಿಗೆ ಮನೆಗೆ ಸುಣ್ಣ ಹಚ್ಚಿಸುವಾಗ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದರು. ಹುಡುಕಿಸುತ್ತೇನೆ. ನಿನಗೆ ಎಲ್ಲ ಬಾಯಿಪಾಠವೇ ಇರುತ್ತದೆ, ನೆನಪಿನಿಂದ ಹೊಸದಾಗಿ ಬರೆದಿಟ್ಟರೂ ನಡೆದೀತು. ನಿನ್ನಂಥವಳಿಗೆ ಅದೇನು ಮಹಾ!

ಅವಸರದಲ್ಲಿದ್ದೇನೆ.

ಅಂಬಾ


ಹುಬ್ಬಳ್ಳಿ
೯ ಆಗಸ್ಟ್ ೧೯೩೮

ಶ್ರೀಮತಿ ಅಂಬಾಬಾಯಿಯವರಿಗೆ,

ನೀವು ಹೇಳಿದಂತೆ ನೆನಪಿನಿಂದ ಬರೆದೆ. ಹನ್ನೆರಡು ದಿವಸ ಹಿಡಿಯಿತು.

ಸಾಹೇಬರು ಬಂದರು. ಮಕ್ಕಳು ಹಾಡಿದವು, ಉಸುಕಿನಲ್ಲಿ ಬರೆದವು, ಲಾಲಸಾಬರ ಮಗಳು ಹುಣಸೆಬೀಜ ಇಪ್ಪತ್ತರವರೆಗೆ ಎಣಿಸಿದಳು. ಸಾಹೇಬರ ಮುಖ ಅರಳಿತ್ತು. ಆಮೇಲೆ ನನ್ನ ವಹಿ ತೆರೆದರು. ನಾಲ್ಕು ಪುಟ ತಿರುವಿ, ತಮ್ಮ ಚೀಲದಿಂದ ಒಂದು ಅಚ್ಚಾದ ಪುಸ್ತಕ ತೆಗೆದು ಪಕ್ಕಕ್ಕೆ ಇಟ್ಟರು. "ಬಾಲವರ್ಗದ ಶಿಕ್ಷಕಿಯರಿಗೆ ಕೈಪಿಡಿ." ಕೆಳಗೆ ನಿಮ್ಮ ಹೆಸರು.

"ಏನ್ರಿ ಬಾಯಿ ಇದು? ಸಾಲಿಗೆ ಸಾಲು ಅವರದಽ ಅದ. ಕಾಪಿ ಹೊಡ್ಯೂ ಮುಂದ ಒಂದೀಟರೆ ತಿರುವಿ ಬರೀಬಾರದಽ?" ಎಂದರು. ತಾಯಂದಿರು ಬಾಗಿಲಲ್ಲಿ ನಿಂತಿದ್ದರು. ಬೀರವ್ವನೂ ಇದ್ದಳು. ಅದು ನನ್ನದು ಎನ್ನಲು ತೋರಿಸುವುದಕ್ಕೆ ನನ್ನ ಕೈಯಲ್ಲಿ ಏನಿತ್ತು?

ಧಾರವಾಡದ ಅಂಬಾಬಾಯಿಯವರ ಪುಸ್ತಕದಿಂದ ಕದ್ದದ್ದು, ಈ ಶಿಕ್ಷಕಿಗೆ ಸ್ವಂತ ಯೋಗ್ಯತೆಯಿಲ್ಲ, ದೀಪಾವಳಿ ರಜೆಯ ನಂತರ ವರ್ಗ ತೆರೆಯಕೂಡದು ಎಂದು ತಪಾಸಣಿ ಪುಸ್ತಕದಲ್ಲಿ ಶೆರಾ ಬರೆದು ಹೋಗಿದ್ದಾರೆ.

ನಿಮ್ಮ ಅಟ್ಟದಲ್ಲಿ ಇನ್ನು ಹುಡುಕಿಸಬೇಡಿರಿ.

ಶಿವಲಿಂಗವ್ವ


ಮಾಳಮಡ್ಡಿ, ಧಾರವಾಡ
೨೮ ಆಗಸ್ಟ್ ೧೯೩೮

ಶಿವಲಿಂಗವ್ವ,

"ನೀವು" ಎಂದು ಬರೆದಿದ್ದಿ. ಶೆರಾಕ್ಕಿಂತ ಅದನ್ನೇ ಹತ್ತು ಸಲ ಓದಿದೆ. ನೋಡು, ಇಂಥ ಹೊತ್ತಿನಲ್ಲೂ ನನಗೆ ನನ್ನದೇ ದುಃಖ.

ಆರು ಪತ್ರ ಬರೆದು ಹರಿದೆ. ಎಲ್ಲದರಲ್ಲೂ ನಾನು ಪಾಪದವಳಾಗಿ ಕಾಣುತ್ತಿದ್ದೆ. ಇದನ್ನು ನಿನ್ನ ಪದ್ಧತಿಯಂತೆ ಬರೆಯುತ್ತೇನೆ.

ನೆನೆಸಿದ್ದು: ವಹಿಯನ್ನು ಹದಿನೈದು ದಿವಸಕ್ಕೆ ತಿರುಗಿ ಕೊಡುವುದು.

ಆದದ್ದು: ನಾನು ಇಳಿಸಿಕೊಂಡ ಪ್ರತಿ ಗೋದಾಬಾಯಿಯವರ ಕಣ್ಣಿಗೆ ಬಿತ್ತು. ನನ್ನ ಅಕ್ಷರ, ನನ್ನ ವಹಿ. "ಅಯ್ಯ, ಏನ್ ತೆಲಿ ಅದ ಅಂಬಾ ನಿನಗ! ಇದನ್ನ ಅಚ್ಚ ಹಾಕಸೂಣು" ಎಂದರು. ಆಗ "ನನ್ನದಲ್ಲ" ಎಂದು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ನಕ್ಕೆ. ಶಿವಲಿಂಗವ್ವ, ಹದಿನಾಲ್ಕರಿಂದ ಈ ಮನೆಯಲ್ಲಿ ಯಾರೂ ನನಗೆ ತಲೆ ಇದೆ ಎಂದಿರಲಿಲ್ಲ. ಇದು ನೆಪವಲ್ಲ. ನೆಪವೇ ಇರಬಹುದು. ನಕ್ಕೆ, ಅಷ್ಟೇ. ಮರುದಿನ ಹೇಳೋಣ ಎಂದುಕೊಂಡೆ. ಮರುದಿನ ಅವರು ನಾಲ್ಕು ಮಂದಿಗೆ ಹೇಳಿದ್ದರು.

ನೆನೆಸಿದ್ದು: ಮುನ್ನುಡಿಯಲ್ಲಾದರೂ ನಿನ್ನ ಹೆಸರು ಹಾಕುವುದು.

ಆದದ್ದು: ಹಾಕಿದೆ. ಕರಡು ತಿದ್ದುವಾಗ ನನ್ನ ಕೈಯಿಂದಲೇ ಹೊಡೆದುಹಾಕಿದೆ.

ನೆನೆಸಿದ್ದು: ಕೌದಿ.

ಆದದ್ದು: ಆಗಲಿಲ್ಲ. ನಿನಗೆ ಸುಳ್ಳು ಹೇಳಿದ್ದೆ. ಉಟ್ಟು ಬಿಟ್ಟ ಅರಿವೆ ಕೊಡಿರಿ ಎಂದು ಕೇಳಿದ್ದಕ್ಕೆ ಮಾಳಮಡ್ಡಿಯ ತಾಯಂದಿರು, "ಮೈಲಿಗಿ ಅರಿವಿ ಸಾಲ್ಯಾಗ ಹಾಸ್ತಾರೇನ್ರಿ?" ಎಂದು ಮುಖ ತಿರುವಿದರು. ಅವರಿಗೆ ತಿಳಿಸಿ ಹೇಳುವ ಧೈರ್ಯ ನನಗಾಗಲಿಲ್ಲ. ಅಂಗಡಿಯಿಂದ ಹೊಸ ಅರಿವೆ ತಂದು ಒಂದು ಕೌದಿ ಹೊಲಿಸಿದೆ. ಬಹಳ ಚೆಂದ ಇದೆ. ಮಕ್ಕಳು ಅದರ ಮೇಲೆ ಕೂತು ಅಳುತ್ತವೆ. ಆದರೆ ಪುಸ್ತಕದಲ್ಲಿ "ಶುಭ್ರವಾಗಿ ಒಗೆದ ತುಂಡು" ಎಂದು ತಿದ್ದಿ, ಕೆಳಗೆ "ನನ್ನ ವರ್ಗದ ಮಕ್ಕಳು ಅಳುವನ್ನೇ ಮರೆತವು" ಎಂದು ಬರೆದೆ. ಗದಗಿನ ಶಿಕ್ಷಕಿಯೊಬ್ಬರು ಕೇಳಿದ್ದಾರೆ, ನಮ್ಮಲ್ಲಿ ಮರೆಯುತ್ತಿಲ್ಲವಲ್ಲ, ಏನು ತಪ್ಪಿರಬಹುದು ಎಂದು. ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ವಹಿ ಅಟ್ಟದಲ್ಲಿ ಇರಲೇ ಇಲ್ಲ. ನನ್ನ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ.

ಒಂದು ಮಾತು ಕೇಳಲೇ? ವಹಿಯನ್ನು ಸುಮ್ಮನೆ ನಿನಗೆ ಕಳಿಸಿಬಿಡುತ್ತೇನೆ. ನೀನು ಅದನ್ನು ಸಾಹೇಬರಿಗೆ ತೋರಿಸು, ಇಬ್ಬರೂ ಕೂಡಿ ಮಾಡಿದ್ದೆಂದು ಹೇಳು. ನಾನು ಹೌದು ಎನ್ನುತ್ತೇನೆ. ನಿನ್ನ ವರ್ಗ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ.

ಅಂಬಾ


ಹುಬ್ಬಳ್ಳಿ
೪ ಸಪ್ಟೆಂಬರ್ ೧೯೩೮

ಅಂಬಾಬಾಯಿಯವರಿಗೆ,

ವಹಿ ನನಗೆ ಬೇಡ. ಅದಿಲ್ಲದೆಯೂ ಕಲಿಸುತ್ತಿದ್ದೇನೆ. ಕೂಡಿ ಮಾಡಿದ್ದು ಎಂದು ನಾನು ಹೇಳಲಾರೆ, ಕೂಡಿ ಮಾಡಿಲ್ಲ.

ಈಗ ಇಪ್ಪತ್ತಾರು ಮಕ್ಕಳು ಬರುತ್ತವೆ. ಕಳ್ಳಿಯ ಹತ್ತಿರ ಯಾಕೆ ಕಳಿಸಬೇಕೆಂದು ಐದು ಮನೆಯವರು ಬಿಡಿಸಿಕೊಂಡರು. ಅವರ ತುಂಡುಗಳು ಕೌದಿಯಲ್ಲಿ ಹಾಗೆಯೇ ಇವೆ.

ಈ ಮಾತು ನೀವು ಹೊರಿಸಿದ್ದು. ಇಳಿಸುವುದೂ ನಿಮ್ಮದೇ.

ಶಿವಲಿಂಗವ್ವ


ಮಾಳಮಡ್ಡಿ, ಧಾರವಾಡ
೧೨ ಅಕ್ಟೋಬರ್ ೧೯೩೮

ಶಿವಲಿಂಗವ್ವ,

ನಿನ್ನ ಕಾಗದ ಬಂದು ಐದು ವಾರವಾಯಿತು. ಐದು ವಾರದಲ್ಲಿ ನಾಲ್ಕು ಸಲ ಸಾಹೇಬರ ಕಚೇರಿಯ ಬೇವಿನ ಗಿಡದವರೆಗೆ ಹೋಗಿ ತಿರುಗಿ ಬಂದೆ. ಐದನೆಯ ಸಲ ಅಲ್ಲಿಯ ಪಟ್ಟೆವಾಲಾ ಬೀರಲಿಂಗಪ್ಪ, "ಬಾಯಾರ, ದಿನಾ ಗಿಡಾ ನೋಡಿ ಹೋಗ್ತೀರಿ, ಒಳಗ ಬರ್ರಿ" ಎಂದ. ಒಳಗೆ ಹೋದೆ.

ವಹಿಯನ್ನು ಮೇಜಿನ ಮೇಲೆ ಇಟ್ಟು, "ಈ ಪುಸ್ತಕ ನಂದಲ್ಲರಿ, ಶಿವಲಿಂಗವ್ವಂದು. ನಾ ಕದ್ದೇನಿ" ಎಂದೆ. ಇಷ್ಟು ಹೇಳಿದರೆ ನೆಲ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಸಾಹೇಬರು ನಗುತ್ತ ಕುರ್ಚಿ ತೋರಿಸಿದರು.

"ನಿಮ್ಮ ಮನಸ ಭಾಳ ದೊಡ್ಡದ್ರಿ ಅಂಬಾಬಾಯಿ. ಗೆಳತಿ ಸಲುವಾಗಿ ತಮ್ಮ ಹೆಸರ ಕೆಡಿಸಿಕೋಬ್ಯಾಡ್ರಿ."

ನಂಬಲಿಲ್ಲ! ತಾರೀಖು ತೋರಿಸಿದೆ. ತಾರೀಖು ಹಿಂದಿನದು ಯಾರೂ ಹಾಕಬಹುದು ಎಂದರು. ಅಕ್ಷರ ನಿನ್ನದೆಂದು ತೋರಿಸಿದೆ. ನೀವು ಹೇಳಿದ್ದನ್ನು ಅವರು ಬರೆದುಕೊಂಡಿರಬಹುದು ಎಂದರು. ಅವರ ಲೆಕ್ಕದಲ್ಲಿ ಮಾಳಮಡ್ಡಿಯ ಅಂಬಾಬಾಯಿಗೆ ಕದಿಯುವ ಯೋಗ್ಯತೆಯೂ ಇಲ್ಲ, ವರ್ಕ್‌ಶಾಪಿನ ಓಣಿಯ ಶಿವಲಿಂಗವ್ವನಿಗೆ ಬರೆಯುವ ಯೋಗ್ಯತೆಯೂ ಇಲ್ಲ. ಆ ಕುರ್ಚಿಯಲ್ಲಿ ಕೂತು, ನಾನು ಕಳ್ಳಿ ಹೌದು ಎಂದು ವಾದ ಮಾಡಿದೆ, ಶಿವಲಿಂಗವ್ವ. ಕೊನೆಗೆ ಕೇಳಿದೆ:

"ಸಾಹೇಬರ, ನಮ್ಮ ಧಾರವಾಡದ ಸಂತಿ ಯಾವತ್ತರಿ?"

"ಮಂಗಳವಾರ. ಯಾಕ್ರಿ?"

"ನನ್ನ ಪುಸ್ತಕದಾಗ ಸಂತಿ ಆಟ ಓದ್ರಿ. ಜೋರಲೆ ಓದ್ರಿ."

ಓದಿದರು. "ಶನಿವಾರ. ಈ ದಿವಸ ನಮ್ಮಲ್ಲಿ ಸಂತೆಯಿರುವುದರಿಂದ ಅರ್ಧ ಮಕ್ಕಳು ತಾಯಿಯ ಸಂಗಡ ಸಂತೆ ತಿರುಗಿ, ಕೈಯಲ್ಲಿ ಒಂದು ಉಳ್ಳಾಗಡ್ಡಿ ಹಿಡಿದು ತಡವಾಗಿ ಬರುತ್ತವೆ. ಬೈಯುವ ಬದಲು ವರ್ಗವನ್ನೇ ಸಂತೆ ಮಾಡಬೇಕು." ಅಷ್ಟು ಓದಿ ನಿಲ್ಲಿಸಿದರು. ಶನಿವಾರ ಸಂತೆ ಇರುವುದು ಹುಬ್ಬಳ್ಳಿಯಲ್ಲಿ. ಬಾಗಿಲಲ್ಲಿ ನಿಂತಿದ್ದ ಬೀರಲಿಂಗಪ್ಪ ಫಕ್ಕನೆ ನಕ್ಕ.

ಮೇ ತಿಂಗಳಲ್ಲಿ ಪುಸ್ತಕ ಕೈಗೆ ಬಂದ ದಿವಸವೇ ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಹುಟ್ಟಿದಾಗಿನಿಂದ ಮಂಗಳವಾರ ಸಂತೆಗೆ ಹೋಗುವವಳು, ಕೈ ನಿಲ್ಲಿಸದೆ ಶನಿವಾರ ಎಂದು ಇಳಿಸಿದ್ದೆ. ಯಾರಾದರೂ ಕೇಳುತ್ತಾರೆಂದು ತಿಂಗಳುಗಟ್ಟಲೆ ಹೆದರಿದೆ. ಹಾರ ಹಾಕಿದವರು ಯಾರೂ ಅದನ್ನು ಓದಿರಲಿಲ್ಲ. ಆ ಆಟವನ್ನು ನಾನು ನನ್ನ ವರ್ಗದಲ್ಲಿ ಒಮ್ಮೆಯೂ ಆಡಿಸಿಲ್ಲ, ಆಡಿಸಿದ್ದರೆ ತಪ್ಪು ತಿಳಿಯುತ್ತಿತ್ತು.

ಸಾಹೇಬರು ಆಮೇಲೆ ನನ್ನನ್ನು ನೋಡಿದ ರೀತಿ ಬರೆಯಲಾರೆ. ಕುರ್ಚಿಯಿಂದ ನಾನೇ ಎದ್ದು ನಿಂತೆ. ಶೆರಾ ತಿದ್ದಿ ಕಳಿಸುತ್ತೇನೆ ಎಂದಿದ್ದಾರೆ. ವಹಿಯನ್ನು ಅವರೇ ಕಚೇರಿಯಿಂದ ನಿನಗೆ ಕಳಿಸುತ್ತಾರೆ.

ಅಲ್ಲಿಂದ ನೆಟ್ಟಗೆ ಗೋದಾಬಾಯಿಯವರ ಮನೆಗೆ ಹೋಗಿ ಹೇಳಿದೆ. "ಸುಮ್ಮನಿದ್ದಿದ್ರ ಯಾರಿಗೆ ತಿಳೀತಿತ್ತು?" ಎಂದರು. ದೀಪಾವಳಿಯಿಂದ ಬಾಲವರ್ಗಕ್ಕೆ ಬೇರೆಯವರು ಬರುತ್ತಾರೆ. ಗದಗಿನ ಶಿಕ್ಷಕಿಗೆ ಉತ್ತರ ಬರೆದೆ, ಒಗೆಯಬಾರದು ಎಂದು, ಮತ್ತು ಯಾರ ಮಾತು ಅದು ಎಂದು.

ನಿನ್ನಿಂದ ಏನೂ ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ಅಂಬಾಬಾಯಿ


ಹುಬ್ಬಳ್ಳಿ
೯ ನವೆಂಬರ್ ೧೯೩೮

ಅಂಬಾಬಾಯಿಯವರಿಗೆ,

ಹೊಸ ಶೆರಾ ಬಂದಿತು. ವಹಿಯೂ ಬಂದಿತು. ಸೋಮವಾರ ವರ್ಗದ ಬಾಗಿಲು ತೆರೆದೆ. ಬಿಡಿಸಿಕೊಂಡ ಐದು ಮಕ್ಕಳಲ್ಲಿ ಮೂರು ತಿರುಗಿ ಬಂದಿವೆ. ಬಂದ ಕೂಡಲೇ ತಮ್ಮ ತುಂಡು ಹುಡುಕಿಕೊಂಡು ಕೂತವು.

ನನ್ನ ಸಿಟ್ಟು ಹೋಗಿಲ್ಲ. ಹೋಯಿತೆಂದು ಬರೆದರೆ ಎಡಗಡೆಯ ಮಾತನ್ನು ಬಲಗಡೆ ಬರೆದಂತಾಗುತ್ತದೆ.

ಸಾಹೇಬರು ಕಾಗದದ ಮೇಲೆ ತಿದ್ದಿದರು. ಆದರೆ ನನ್ನನ್ನು ಕಳ್ಳಿ ಎಂದದ್ದು ತಾಯಂದಿರ ಮುಂದೆ, ಅವರಿಗೆ ಕಾಗದ ಓದಲು ಬರುವುದಿಲ್ಲ. ಅವರಿಗೆ ನೀವೇ ಬಂದು ಹೇಳಬೇಕು. ಶನಿವಾರ ಬರ್ರಿ, ಸಂತೆ ಮುಗಿಸಿ ಎಲ್ಲರೂ ವರ್ಗಕ್ಕೆ ಬರುತ್ತಾರೆ. ಮಕ್ಕಳು ಅಂಗಡಿ ಹಚ್ಚುತ್ತವೆ, ಒಂದು ಉಳ್ಳಾಗಡ್ಡಿ ಕೊಳ್ಳಬೇಕಾಗುತ್ತದೆ, ಒಡೆದ ಗಡಿಗೆಯ ಬೋಕಿ ಚೂರೇ ರೊಕ್ಕ.

ನೀವು ಬರುತ್ತೀರೆಂದು ಬೀರವ್ವನಿಗೆ ಹೇಳಿದೆ. "ಆ ಬಾಯಾರು ಅಳ್ತಾರೇನ್ರಿ?" ಎಂದು ಕೇಳಿದಳು. ಅಳಬಹುದು ಎಂದೆ. "ಹಂಗಾರ ಅವರದೊಂದು ತುಂಡು ತರಾಕ ಹೇಳ್ರಿ, ಮೂಲ್ಯಾಗ ಜಾಗಾ ಅದ" ಎಂದಳು. ನೀವು ವಿಧವೆ, ತಾಯಂದಿರು ಏನೆಂದಾರು ಎಂದು ನಾನೇ ಹಿಂದೆಮುಂದೆ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ಅರಿವಿಗೆ ಅವೆಲ್ಲಾ ಯಾಕ್ರಿ?" ಎಂದಳು. ನನಗೆ ನನ್ನ ಬಗ್ಗೆ ನಾಚಿಕೆಯಾಯಿತು.

ಒಂದು ತುಂಡು ತಾ, ಅಂಬಾ. ಅಂಗಡಿಯದು ಬೇಡ, ನೀನು ಉಟ್ಟದ್ದು. ಒಗೆಯಬೇಡ.

ಶಿವಲಿಂಗವ್ವ